ನಿಲ್ಲದೆ ನಡೆಯುವ ವಿದ್ಯುಜ್ಜನಕಗಳ ಪಾಲನೆ

ಧಾನ್ಯವನ್ನು ಕಣಜದಲ್ಲಿ ತುಂಬಿಡುವಂತೆ ವಿದ್ಯುಚ್ಛಕ್ತಿಯನ್ನು ಭಾರಿ ಪ್ರಮಾಣದಲ್ಲಿ ಕೂಡಿಡುವುದು ಇಂದಿಗೂ ಸುಲಭವಲ್ಲ. ಬಹುಮಟ್ಟಿಗೆ ಅದು ಬಳಸುವ ಕ್ಷಣದಲ್ಲಿಯೇ ಉತ್ಪನ್ನವಾಗಬೇಕು. ಆದಕಾರಣ ಕೆಲವು ವಿದ್ಯುಜ್ಜನಕಗಳಾದರೂ ಹಗಲಿರುಳೆನ್ನದೆ ತಿರುಗುತ್ತಿರಲೇಬೇಕು. ಇಂತಹ ಯಂತ್ರಗಳ ಪಾಲನೆ ಹೇಗೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ.

ಉತ್ತರ ಕನ್ನಡ ಜಿಲ್ಲೆಯ ಕೈಗಾ ಪರಮಾಣು ವಿದ್ಯುತ್ ಸ್ಥಾವರದ 220 ಮೆಗಾವಾಟ್ ಸಾಮರ್ಥ್ಯದ ಒಂದನೆಯ ಘಟಕವು 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಅಂದರೆ 962 ದಿನಗಳ ಕಾಲ, ಎಡೆಬಿಡದೆ ನಡೆಯಿತು. ಅಂದಿಗೆ ಅದು ವಿಶ್ವದಾಖಲೆ. ತರುವಾಯ ಕೆನಡಾ ದೇಶದ ಡಾರ್ಲಿಂಗ್ಟನ್ ಸ್ಥಾವರದ ಘಟಕವೊಂದು 1,106 ದಿನ ನಡೆದು ಅದನ್ನು ಮೀರಿಸಿತು. ಕೈಗಾದ ಜನಕವು ನಿಮಿಷಕ್ಕೆ 3,000 ಸುತ್ತು ತಿರುಗುವಂತಹುದು. ಆ ಅವಧಿಯಲ್ಲಿ ಅದು ತಿರುಗಿದ್ದು ಸುಮಾರು 415 ಕೋಟಿ ಸುತ್ತು!

ಇದು ಸಾಧ್ಯವಾದುದು ಹೇಗೆ? ಮೊದಲನೆಯದಾಗಿ, ಇಲ್ಲಿಯ ಭಾರಜಲ ರಿಯಾಕ್ಟರಿಗೆ ಇಂಧನ ತುಂಬಲು ಅದನ್ನು ನಿಲ್ಲಿಸಬೇಕಾಗಿಲ್ಲ. ನಾಳದ ಒಂದು ತುದಿಯಿಂದ ಯಂತ್ರವೊಂದು ಹೊಸ ಇಂಧನವನ್ನು ನೂಕಿದರೆ, ಮತ್ತೊಂದು ತುದಿಯ ಯಂತ್ರವು ಉರಿದುದನ್ನು ಹೊರಗೆ ತೆಗೆದುಕೊಳ್ಳುತ್ತದೆ. ಎರಡನೆಯದಾಗಿ, ಇಂತಹ ಸ್ಥಾವರಗಳಲ್ಲಿ ಅನೇಕ ಪಂಪುಗಳಿಗೂ ಶೈತ್ಯಕಗಳಿಗೂ ಬದಲಿ ಜೋಡಿಗಳಿರುತ್ತವೆ. ಒಂದು ದುಡಿಯುತ್ತಿರುವಾಗ ಇನ್ನೊಂದನ್ನು ಬಿಚ್ಚಿ ದುರಸ್ತಿ ಮಾಡಬಹುದು.

ಆದರೆ ಜನಕಕ್ಕೆ ಜೋಡಿಯಿಲ್ಲ. ಅದನ್ನು ಕಾಯುವುದು ಎಚ್ಚರವೊಂದೇ. ಅದರ ಭಾರವಾದ ದಂಡವು ಬೇರಿಂಗುಗಳ ಮೇಲೆ ತೆಳುವಾದ ಎಣ್ಣೆಯ ಪದರದಲ್ಲಿ ತೇಲುತ್ತ ತಿರುಗುತ್ತದೆ. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜಿ ಬೇರಿಂಗು ಕರಗಿಹೋದೀತು. ಆದುದರಿಂದಲೇ ಎಣ್ಣೆಯನ್ನು ಸತತವಾಗಿ ಸೋಸುತ್ತಿರಬೇಕು. ಉಷ್ಣತೆಯನ್ನೂ ಕಂಪನವನ್ನೂ ಪಾಳಿ ಪಾಳಿಗೂ ಬರೆದಿಡಬೇಕು. ಅಂಕಿಗಳು ಅಪಾಯದ ಗೆರೆಯನ್ನು ಮುಟ್ಟದಿದ್ದರೂ ದಿನೇ ದಿನೇ ಏರುತ್ತಿದ್ದರೆ, ಆ ಏರಿಕೆಯೇ ಮುನ್ಸೂಚನೆ.

ಇಷ್ಟಾದರೂ ತಂತಿಸುರುಳಿಗಳ ನಿರೋಧಕ ಹೊದಿಕೆಯನ್ನೂ ಟರ್ಬೈನಿನ ಅಲಗುಗಳನ್ನೂ ನಡೆಯುವ ಯಂತ್ರದಲ್ಲಿ ಕೂಲಂಕಷವಾಗಿ ಪರೀಕ್ಷಿಸಲು ಬಾರದು. ಅಂತೆಯೇ ಕೈಗಾದ ಘಟಕವನ್ನು ಕೊನೆಗೆ ನಿಲ್ಲಿಸಿದುದು ಪರಿಶೀಲನೆ, ದುರಸ್ತಿಗಳಿಗಾಗಿ. ಕೆಟ್ಟು ನಿಲ್ಲುವುದು ಬೇರೆ, ನಿಲ್ಲಿಸಿ ನೋಡುವುದು ಬೇರೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಸಕಾಲದಲ್ಲಿ ನಿಲ್ಲಿಸಲು ಮನಸ್ಸು ಒಪ್ಪುವುದು ಕಷ್ಟ. ಆದರೆ ಇಂದು ಮುಂದೂಡಿದ ಕೆಲವು ವಾರಗಳ ಕೆಲಸವು ನಾಳೆ ಹಲವು ತಿಂಗಳ ಕತ್ತಲೆಯಾಗಬಹುದು. ನಿರಂತರತೆಯ ಗುಟ್ಟು ಅಡಗಿರುವುದು ಈ ವಿವೇಕದಲ್ಲಿ, ಮತ್ತು ನಡುರಾತ್ರಿಯಲ್ಲಿಯೂ ತಪ್ಪದೆ ಅಂಕಿಗಳನ್ನು ಗುರುತು ಹಾಕುವ ಕೆಲಸಗಾರರ ಶ್ರದ್ಧೆಯಲ್ಲಿ.