ಬಾದಾಮಿ ಹಾಲಿನ ಜಮಾ-ಖರ್ಚು

ದೀಪಾವಳಿಯ ದಿನ ನಾರಾಯಣಪೇಟೆಯ ಸೀರೆ ಅಂಗಡಿಗೆ ಹೋಗಲಿ, ಮಕ್ತಲದ ಬೀಗರ ಮನೆಗೆ ಹೋಗಲಿ, ಗದ್ವಾಲದ ಗೆಳೆಯರಲ್ಲಿಗೆ ಹೋಗಲಿ, ಕೂತ ಕೂಡಲೇ ಕೈಗೆ ಬರುವುದು ಕೇಸರಿ ಹಾಕಿದ ಗಟ್ಟಿ ಬಾದಾಮಿ ಹಾಲು. ಬೇಡವೆಂದರೆ "ಹಬ್ಬ ಅದ, ಒಂದ್ ಗಿಲಾಸ ಕುಡೀರಿ" ಎಂಬ ಒತ್ತಾಯ. ಸಂಜೆಯೊಳಗೆ ಮೂರು ಗ್ಲಾಸು ಆಗಿಬಿಡುತ್ತದೆ. ಕಿರ್ದಿಯಲ್ಲಿ ಒಂದು ರೂಪಾಯಿಯನ್ನೂ ಬಿಡದೆ ಬರೆಯುವ ನಾವು ಈ ಗ್ಲಾಸಿನ ಲೆಕ್ಕವನ್ನು ಮಾತ್ರ ಇಡುವುದಿಲ್ಲ.

ಮೊದಲು ಜಮಾ ನೋಡೋಣ. 200 ಮಿ.ಲೀ. ಎಮ್ಮೆ ಹಾಲು, 10 ಬಾದಾಮಿ ಸೇರಿದ ಒಂದು ಗ್ಲಾಸಿನಲ್ಲಿ ಸುಮಾರು 9 ಗ್ರಾಂ ಪ್ರೋಟೀನು, 240 ಮಿ.ಗ್ರಾಂ. ಸುಣ್ಣದ ಅಂಶ ಇರುತ್ತದೆ. ಬಾದಾಮಿಯಿಂದ 'ಇ' ಜೀವಸತ್ವವೂ ಸಿಗುತ್ತದೆ. ಬೆಳೆಯುವ ಮಕ್ಕಳಿಗೆ, ತೂಕ ಕಡಿಮೆಯಾಗಿ ನಿತ್ರಾಣರಾದವರಿಗೆ ಇದು ಒಳ್ಳೆಯ ಆಹಾರವೇ.

ಇನ್ನು ಖರ್ಚಿನ ಕಡೆ. ಹಾಲಿನಿಂದ ಸುಮಾರು 215, ಬಾದಾಮಿಯಿಂದ 70, ನಾಲ್ಕು ಚಮಚ ಸಕ್ಕರೆಯಿಂದ 80. ಒಟ್ಟು 365 ಕ್ಯಾಲರಿ. ಎರಡು ಜೋಳದ ರೊಟ್ಟಿ ಉಂಡಷ್ಟಾಯಿತು! ಮೂರು ಗ್ಲಾಸಿಗೆ ಆರು ರೊಟ್ಟಿ. ಸಕ್ಕರೆಯೇ 60 ಗ್ರಾಂ. ದಿನದ ಸಕ್ಕರೆ 25 ಗ್ರಾಂ ಒಳಗಿದ್ದರೆ ಹೆಚ್ಚು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಇಡೀ ದಿನ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯ ಹಿರಿಯರಿಗೆ, ಇದು ದೊಡ್ಡ ಹೊರೆ.

ಹಾಗೆಂದು ಹಾಲನ್ನೇ ಬಿಡಬೇಕಿಲ್ಲ. ಅರ್ಧ ಗ್ಲಾಸು ಹಾಲಿಗೆ 5 ಬಾದಾಮಿ, ಒಂದೇ ಚಮಚ ಸಕ್ಕರೆ ಹಾಕಿದರೆ ಸುಮಾರು 165 ಕ್ಯಾಲರಿಯಲ್ಲಿ ಮುಗಿಯುತ್ತದೆ. ಸೋಸಿದ ಬಿಸಿ ನೀರಿನಲ್ಲಿ ಬಾದಾಮಿಯನ್ನು ಒಂದು ತಾಸು ನೆನೆಸಿ, ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿ, ಕುದಿಯುವ ಹಾಲಿಗೆ ಹಾಕಿ. ಏಲಕ್ಕಿ, ಕೇಸರಿ ಇದ್ದರೆ ಸಕ್ಕರೆ ಕಡಿಮೆಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಅಂಗಡಿಯ ಪುಡಿ ತರುವವರು ಪೊಟ್ಟಣದ ಮೇಲೆ ಸಕ್ಕರೆ ಎಷ್ಟಿದೆಯೆಂದು ಓದಿ ತನ್ನಿ.

ಬಹುಬೀಜವೆಂದು ಗಸಗಸೆ ಬಿಡುವ ಮನೆಗಳುಂಟು. ಹಾಲಿನ ಸತ್ವ ಕಡಿಮೆಯಾದೀತೆಂಬ ಚಿಂತೆ ಅವರಿಗೆ ಬೇಡ. ಒಂದು ಚಮಚ ಗಸಗಸೆಯಲ್ಲಿರುವ ಸುಣ್ಣದ ಅಂಶ 40 ಮಿ.ಗ್ರಾಂ.ನಷ್ಟು, ಅದು ಮೂರು ನಾಲ್ಕು ಗುಟುಕು ಹಾಲಿನಲ್ಲೇ ಬಂದುಬಿಡುತ್ತದೆ.

ಸೂರ್ಯಾಸ್ತದೊಳಗೆ ಊಟ ಮುಗಿಸುವವರು ಊಟದ ಮೇಲೆ ಮತ್ತೆ ಹಾಲು ಕುಡಿಯುವ ಬದಲು, ಹಾಲು ಕುಡಿದ ದಿನ ಒಂದು ರೊಟ್ಟಿ ಕಡಿಮೆ ಮಾಡಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಕುಡಿಯಬಹುದೆಂದು ತಮ್ಮ ವೈದ್ಯರನ್ನು ಕೇಳಲಿ.

ತಾಯಂದಿರೇ, ಈ ಹಬ್ಬಕ್ಕೆ ದೊಡ್ಡ ಗ್ಲಾಸುಗಳನ್ನು ಮೇಲಿಟ್ಟು ಸಣ್ಣ ಬಟ್ಟಲುಗಳನ್ನು ಕೆಳಗಿಳಿಸಿ. ಬಂದವರು ಬೇಡವೆಂದರೆ ಒಮ್ಮೆ ಕೇಳಿ ಬಿಟ್ಟುಬಿಡಿ. ಅತಿಥಿಯ ಮಾತಿಗೆ ಬೆಲೆ ಕೊಡುವುದೂ ಸತ್ಕಾರವೇ.