ಹತ್ತು ಪೌಂಡಿಗೆ ಉಳಿದ ಪಾದ್ರಿ ಮನೆ

ಇಂಗ್ಲೆಂಡಿನ ಈಸ್ಟ್ ಸಸೆಕ್ಸ್ ಸೀಮೆಯ ಆಲ್ಫ್ರಿಸ್ಟನ್ ಹಳ್ಳಿಯಲ್ಲಿ, ಕಕ್‌ಮಿಯರ್ ಹೊಳೆಯ ಹತ್ತಿರ, ಸೇಂಟ್ ಆಂಡ್ರ್ಯೂ ಇಗರ್ಜಿಯ ಮಗ್ಗುಲಲ್ಲೇ ಹುಲ್ಲು ಹೊದೆಸಿದ ಮನೆಯೊಂದಿದೆ. ಕಟ್ಟಿದ್ದು 14ನೇ ಶತಮಾನದಲ್ಲಿ. ಬಹುಕಾಲ ಇಗರ್ಜಿಯ ಸ್ವತ್ತಾಗಿದ್ದ ಈ ಮನೆ 19ನೇ ಶತಮಾನದ ಕೊನೆಯ ಹೊತ್ತಿಗೆ ಕೆಡವುವುದೇ ವಾಸಿ ಎನ್ನುವಷ್ಟು ಜೀರ್ಣವಾಗಿತ್ತು. ಆಗಿನ ಪಾದ್ರಿ ಎಫ್. ಡಬ್ಲ್ಯು. ಬೇನನ್ ಬಿಡದೆ ಸಹಾಯ ಹುಡುಕಿದರು. 1895ರಲ್ಲಷ್ಟೇ ಹುಟ್ಟಿದ್ದ ನ್ಯಾಷನಲ್ ಟ್ರಸ್ಟ್ ಮರುವರ್ಷ ಹತ್ತು ಪೌಂಡ್ ಕೊಟ್ಟು ಅದನ್ನು ಕೊಂಡಿತು. ಮುಂದೆ ನೂರಾರು ಬಂಗಲೆ, ತೋಟ, ಕಡಲತೀರಗಳನ್ನು ಕಾಯಬೇಕಾಗಿದ್ದ ಸಂಸ್ಥೆ ಕೊಂಡ ಮೊದಲ ಕಟ್ಟಡ ಇದು.

ಮನೆಯ ಜಾಣತನವೆಲ್ಲ ಮರದ ಕಟ್ಟಿನಲ್ಲಿದೆ. ನಡುವೆ ನೆಲದಿಂದ ಮಾಡಿನವರೆಗೆ ತೆರೆದ ಪಡಸಾಲೆ. ಎರಡು ತುದಿಗೂ ಅಟ್ಟವಿರುವ ಕೋಣೆಗಳು ಬರುವಂತೆ ಹೂಡಿದ ನಕ್ಷೆ. ಅಟ್ಟದ ತೊಲೆಗಳು ಕೆಳಗಿನ ಗೋಡೆಯನ್ನು ದಾಟಿ ಮುಂದಕ್ಕೆ ಚಾಚುತ್ತವೆ. ಪಡಸಾಲೆ ಮಾತ್ರ ಒಳಕ್ಕೆ ಸರಿದಂತೆ ಕಾಣುತ್ತದೆ. ಆದರೂ ಇಡೀ ಮನೆಗೆ ಮಾಡು ಒಂದೇ, ಸೂರು ನೇರ. ಇಂಥವನ್ನು ವೀಲ್ಡನ್ ಮನೆ ಎನ್ನುತ್ತಾರೆ. ಓಕ್ ಕಂಬಗಳ ನಡುವಿನ ಗೋಡೆ ನಮ್ಮ ತಡಿಕೆ ಗೋಡೆಯೇ: ಹೆಣೆದ ಕಡ್ಡಿ, ಮೇಲೆ ಮಣ್ಣಿನ ಮೆತ್ತು. ಇಂಥ ಪಡಸಾಲೆಯ ನಡುವೆ ಉರಿಯುತ್ತಿದ್ದ ಬೆಂಕಿಯ ಹೊಗೆ ಮೇಲೇರಿ ಹುಲ್ಲಿನ ಸಂದಿಯಿಂದಲೇ ಹೊರಬೀಳಬೇಕಿತ್ತು. ಹೊಗೆಗೂಡು ಬಂದದ್ದು ನಂತರ. ನನ್ನನ್ನು ಹಿಡಿದು ನಿಲ್ಲಿಸುವುದು ನೆಲ. ಸುಣ್ಣದಕಲ್ಲಿನ ಪುಡಿಯನ್ನು ದಮ್ಮಸು ಮಾಡಿ, ಹುಳಿಹಾಲು ಸುರಿದು ಗಟ್ಟಿಗೊಳಿಸಿದ ನೆಲ ಅದು. ಸಗಣಿ ಸಾರಿಸಿದ ಅಂಗಳದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೈಗೆ ಸಿಕ್ಕ ಸಾಮಗ್ರಿಯಿಂದಲೇ ಮನೆ ಕಟ್ಟುವ ಈ ವಿವೇಕ ಕರಾವಳಿಯ ಪಾದ್ರಿ ಬಂಗ್ಲೆಗಳಲ್ಲೂ ಉಂಟು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಮಳೆಗಾಲ ಕಂಡವರಿಗೆ ಎತ್ತರದ ಪಂಚಾಂಗ, ಅಗಲ ಜಗಲಿ, ಇಳಿಬಿದ್ದ ಸೂರು ಯಾಕೆ ಬೇಕೆಂದು ತಿಳಿಯಲು ಹೆಚ್ಚು ಕಾಲ ಬೇಡ. ಗೋಡೆಗೆ ಮುರಕಲ್ಲು, ಗಾರೆಗೆ ಸುಣ್ಣ, ಮೇಲೆ ಮರದ ಮುಚ್ಚಿಗೆ. ತೊಡಕಿದ್ದದ್ದು ಮಾಡಿನಲ್ಲಿ. ಮುಳಿಹುಲ್ಲಿಗೆ ಬೆಂಕಿಯ ಭಯ, ಆಗಾಗ ಬದಲಿಸುವ ಖರ್ಚು. ಕುಂಬಾರರ ನಾಡಹೆಂಚು ಗಾಳಿಗೆ ಜಾರುತ್ತಿತ್ತು.

ಉತ್ತರ ಸಿಕ್ಕಿದ್ದು ಹೊಳೆದಂಡೆಯ ಜೇಡಿಮಣ್ಣಿನಲ್ಲಿ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹಳೆಯ ಮಂಗಳೂರು ಹೆಂಚೊಂದನ್ನು ಕೈಗೆತ್ತಿಕೊಂಡು ನೋಡಿ: ಅಂಚಿನ ತೋಡು ಪಕ್ಕದ ಹೆಂಚನ್ನು ಕಚ್ಚುತ್ತದೆ, ಕೆಳಗಿನ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾರೆ ಬೇಡ, ಪದರದ ಮೇಲೆ ಪದರ ಬೇಡ. ಒಂದು ಒಡೆದರೆ ಒಂದನ್ನೇ ಬದಲಿಸಿದರಾಯಿತು. ಸಂದಿಗಳಿಂದ ಬಿಸಿಗಾಳಿಯೂ ಹೊರಗೆ ಹೋಗುತ್ತದೆ. ಮಾಡು ಹಗುರಾದ್ದರಿಂದ ಪಕಾಸುಗಳೂ ಸಪೂರಾದವು. ಪಾದ್ರಿಗಳ ಕಾರ್ಖಾನೆಯಲ್ಲಿ ಹುಟ್ಟಿದ ಹೆಂಚು ಹೀಗೆ ಶಾಲೆ, ಸ್ಟೇಷನ್ನು, ಮಾರುಕಟ್ಟೆ, ಬ್ರಾಹ್ಮಣರ ಮನೆ, ಬಂಟರ ಗುತ್ತು ಎಲ್ಲದರ ಮೇಲೂ ಕೂತಿತು.

ದೇವಸ್ಥಾನ, ಬಸದಿ, ಕೋಟೆಗಳನ್ನು ಸ್ಮಾರಕವೆಂದು ಕಾಯುವುದು ನಮಗೆ ರೂಢಿ. ಜನ ಉಂಡು ಮಲಗಿದ ಮನೆಯನ್ನೂ ಹಾಗೆ ಕಾಯಬೇಕೆಂದು ನಮಗೆ ಇನ್ನೂ ಅನ್ನಿಸಿಲ್ಲ, ಇದು ನನಗೆ ನೋವಿನ ಸಂಗತಿ. ಕೇರಳದ ತಲಶ್ಶೇರಿಯವರು ದಾರಿ ತೋರಿಸಿದ್ದಾರೆ: ಇದೇ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಗುಂಡರ್ಟ್ 1839ರಿಂದ ಹಲವು ವರ್ಷ ಬಾಳಿದ ಇಲ್ಲಿಕ್ಕುನ್ನು ಬಂಗ್ಲೆ ದುರಸ್ತಿಯಾಗಿ ಈಗ ಮ್ಯೂಸಿಯಂ ಆಗಿದೆ. ಮಂಗಳೂರಿನಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ತಡಮಾಡಬಾರದು. ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಹಳೆಯ ಅಳತೆಯ ಹೆಂಚು ಬೇಕೆಂದರೆ ಕೆಡವಿದ ಮನೆಗಳ ರಾಶಿಯಿಂದಲೇ ಆರಿಸಿ ತರಬೇಕು, ಆ ರಾಶಿಯೂ ವರ್ಷವರ್ಷಕ್ಕೆ ಕರಗುತ್ತಿದೆ.