ಕಂಪ್ಯೂಟರ್ ಕೊಟ್ಟ ಗುದ್ದು

ಜಾಕ್ ಡೆಂಪ್ಸಿ ಬಾಕ್ಸಿಂಗ್‌ನ ಹೆವಿವೇಟ್ ಪಟ್ಟ ಕಳೆದುಕೊಂಡದ್ದು 1926ರಲ್ಲಿ. ಆಗ ರಾಕಿ ಮಾರ್ಸಿಯಾನೊ ಮೂರು ವರ್ಷದ ಕೂಸು. ಆದರೂ 1967ರ ಡಿಸೆಂಬರಿನಲ್ಲಿ ಇಬ್ಬರೂ ಸೆಣಸಿದರು. 13ನೇ ಸುತ್ತಿನಲ್ಲಿ ಮಾರ್ಸಿಯಾನೊ ಏಟಿಗೆ ಡೆಂಪ್ಸಿ ನೆಲಕಚ್ಚಿದ. ಅಮೆರಿಕದ ನೂರಾರು ರೇಡಿಯೊ ಕೇಂದ್ರಗಳು ಸುತ್ತು ಸುತ್ತಿನ ವಿವರವನ್ನೂ ಗಂಟೆಯ ಸದ್ದು, ಜನರ ಕೂಗಾಟದ ಸಮೇತ ಬಿತ್ತರಿಸಿದವು. ನಿಜವಾದ ಡೆಂಪ್ಸಿಗೆ ಆಗ 72 ವರ್ಷ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಅವನದೊಂದು ಹೋಟೆಲಿತ್ತು.

ಮರಿ ವೊರೊನರ್ ಎಂಬ ರೇಡಿಯೊ ನಿರ್ಮಾಪಕನ ತಲೆಯಲ್ಲಿ ಹುಟ್ಟಿದ ಪಂದ್ಯಾವಳಿ ಇದು. ಹೆವಿವೇಟ್ ಇತಿಹಾಸದ 16 ಮಂದಿಯನ್ನು, ಸತ್ತವರು ಬದುಕಿದ್ದವರು ಎನ್ನದೆ, ಅವರವರ ಏರುಯೌವನಕ್ಕೆ ಮರಳಿಸಿ ಒಂದೇ ಕಣಕ್ಕೆ ಇಳಿಸುವುದು ಅವನ ಯೋಜನೆ. ಬಾಕ್ಸಿಂಗ್ ಬಲ್ಲ 250 ಮಂದಿಯ ಅಭಿಪ್ರಾಯ ಕೇಳಿದ. ಯಾರ ಕೈ ಎಷ್ಟು ಚುರುಕು, ಯಾರ ಏಟಿಗೆ ಎಷ್ಟು ತೂಕ, ಯಾರು ಎಷ್ಟು ತಾಳಬಲ್ಲರು ಎಂಬುದನ್ನೆಲ್ಲ ಅಂಕಿಗಳಾಗಿಸಿ ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಉಣಿಸಲಾಯಿತು. ಯಂತ್ರ ಕೊಟ್ಟ ಫಲಿತಾಂಶವನ್ನು ಕಥೆಯಾಗಿ ಬರೆದು ಮೈಕಿನ ಮುಂದೆ ಓದಿದರು. ಕಂಪ್ಯೂಟರ್ ಎಂದರೆ ಜನ ಇನ್ನೂ ಕೈಮುಗಿಯುತ್ತಿದ್ದ ಕಾಲ. ಅದು ಹೇಳಿತೆಂದ ಮೇಲೆ ಮುಗಿಯಿತು.

ಆ ಕಲ್ಪಿತ ಲೋಕದ ಹೆವಿವೇಟ್ ವಿಭಾಗ ಹೇಗಿತ್ತು ಎಂದು ಈಗ ನೋಡಿದರೆ ಕಣ್ಣಿಗೆ ಕುಟುಕುವ ಸಂಗತಿಗಳಿವೆ. ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಜಾಕ್ ಜಾನ್ಸನ್ ಮ್ಯಾಕ್ಸ್ ಬೇರ್‌ಗೆ ಸೋತ. ಹೆವಿವೇಟ್ ಪಟ್ಟವೇರಿದ ಮೊದಲ ಕರಿಯ ಈ ಜಾನ್ಸನ್. 1908ರಿಂದ 1915ರವರೆಗೆ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಎರಡನೇ ಸುತ್ತಿನಲ್ಲಿ ಮಹಮದ್ ಅಲಿ ಜಿಮ್ ಜೆಫ್ರೀಸ್‌ಗೆ ಸೋತ. ಕೊನೆಯ ನಾಲ್ವರಲ್ಲಿ ಜೋ ಲೂಯಿಸ್ ಒಬ್ಬನೇ ಕರಿಯ.

ಜೆಫ್ರೀಸ್ ಯಾರು? ಪಟ್ಟವೇರಿದ ಮೇಲೆ ಕರಿಯರೊಡನೆ ಅದಕ್ಕಾಗಿ ಆಡುವುದೇ ಇಲ್ಲವೆಂದು ಗೆರೆ ಎಳೆದು, 1905ರಲ್ಲಿ ಸೋಲಿಲ್ಲದೆ ನಿವೃತ್ತನಾದವನು. ಜಾನ್ಸನ್‌ನ ಸೊಕ್ಕು ಮುರಿಯಲೆಂದು ಬಿಳಿಯರು ಅವನನ್ನು ಮತ್ತೆ ಕಣಕ್ಕೆಳೆದರು. 1910ರ ಜುಲೈ 4ರಂದು ರೀನೊ ಪಟ್ಟಣದಲ್ಲಿ ಅವನು 15ನೇ ಸುತ್ತಿನಲ್ಲಿ ಸೋತ. ಆ ಸುದ್ದಿ ಹರಡಿದಂತೆ ಊರೂರುಗಳಲ್ಲಿ ಕರಿಯರ ಮೇಲೆ ದಾಳಿ ನಡೆದು ಹೆಣಗಳು ಬಿದ್ದವು. ಅಂಥವನು 57 ವರ್ಷದ ಬಳಿಕ ತಂತಿ, ಬಲ್ಬುಗಳ ಲೋಕದಲ್ಲಿ ಅಲಿಯನ್ನು ಸೋಲಿಸಿದ. ಯಂತ್ರಕ್ಕೆ ಬಣ್ಣದ ಹಂಗಿಲ್ಲ, ನಿಜ. ಆದರೆ ಅದಕ್ಕೆ ಊಡಿದ ಅಂಕಿಗಳು 250 ತಲೆಗಳಿಂದ ಬಂದವು. ಆ ತಲೆಗಳು ಬೆಳೆದದ್ದು ಯಾವ ಪತ್ರಿಕೆ ಓದಿ, ಯಾರ ಪ್ರತಾಪ ಕೇಳಿ ಎಂಬುದನ್ನು ಯಂತ್ರ ಕೇಳುವುದಿಲ್ಲ.

ಅಲಿ ಮಾತ್ರ ಸುಮ್ಮನಿರುವ ಆಸಾಮಿ ಅಲ್ಲ. ವಿಯೆಟ್ನಾಂ ಯುದ್ಧಕ್ಕೆ ಸೇರಲೊಲ್ಲೆ ಎಂದದ್ದಕ್ಕೆ ಆ ವರ್ಷದ ಏಪ್ರಿಲಿನಿಂದ ಅವನ ಪಟ್ಟವೂ ಹೋಗಿತ್ತು, ಲೈಸೆನ್ಸೂ ಹೋಗಿತ್ತು. ನಿಜವಾದ ಕಣದಲ್ಲಿ ಒಮ್ಮೆಯೂ ಸೋಲದವನನ್ನು ಸುಳ್ಳು ಕಣದಲ್ಲಿ ಸೋಲಿಸಿದರೆಂದು ಅವನು ಹತ್ತು ಲಕ್ಷ ಡಾಲರಿನ ಮಾನನಷ್ಟ ದಾವೆ ಹೂಡಿದ. ವೊರೊನರ್ ವ್ಯಾಪಾರಿ. ಹತ್ತು ಸಾವಿರ ಡಾಲರಿಗೆ ರಾಜಿ ಕುದುರಿಸಿ, ದಾವೆ ಹಾಕಿದವನನ್ನೇ ಮುಂದಿನ ಆಟಕ್ಕೆ ಒಪ್ಪಿಸಿದ. ಸೋಲರಿಯದ ಅಲಿ, 49ಕ್ಕೆ 49 ಗೆದ್ದು ನಿವೃತ್ತನಾದ ಮಾರ್ಸಿಯಾನೊ, ಈ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಸಿನಿಮಾ ತೆಗೆಯುವುದು ಆ ಆಟ.

1969ರ ಬೇಸಿಗೆಯಲ್ಲಿ ಮಯಾಮಿಯ ಸ್ಟುಡಿಯೊದಲ್ಲಿ ಚಿತ್ರೀಕರಣ ನಡೆಯಿತು. 45 ವರ್ಷದ ಮಾರ್ಸಿಯಾನೊ ಅದಕ್ಕಾಗಿ 20 ಕಿಲೊಗೂ ಹೆಚ್ಚು ಇಳಿದು, ಬೋಳುತಲೆಗೆ ವಿಗ್ ಹಾಕಿಕೊಂಡು ಬಂದ. ಒಂದೊಂದು ನಿಮಿಷದ ಎಪ್ಪತ್ತರಷ್ಟು ಸುತ್ತು ಆಡಿಸಿದರು, ರಕ್ತದ ಜಾಗದಲ್ಲಿ ಕೆಚಪ್ ಸುರಿದರು, ಹಲವು ಬಗೆಯ ಅಂತ್ಯಗಳನ್ನು ಚಿತ್ರಿಸಿಟ್ಟುಕೊಂಡರು. ಯಾವುದು ತೆರೆಗೆ ಬರುತ್ತದೆಂದು ಆಡಿದ ಇಬ್ಬರಿಗೂ ಹೇಳಲಿಲ್ಲ. ಮಾರ್ಸಿಯಾನೊಗೆ ಅದು ತಿಳಿಯಲೇ ಇಲ್ಲ. ಮೂರೇ ವಾರದಲ್ಲಿ, ಆಗಸ್ಟ್ 31ರಂದು, ಅಯೋವಾದಲ್ಲಿ ವಿಮಾನ ಬಿದ್ದು ಸತ್ತ. 1970ರ ಜನವರಿ 20ರ ಒಂದೇ ರಾತ್ರಿ ಸಾವಿರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಚಿತ್ರ ತೋರಿಸಿದರು. 13ನೇ ಸುತ್ತಿನಲ್ಲಿ ಅಲಿ ಬಿದ್ದ. ಯುರೋಪಿನ ಕೆಲವೆಡೆ ಅಲಿಯೇ ಗೆಲ್ಲುವ ಇನ್ನೊಂದು ಅಂತ್ಯ ಓಡಿತಂತೆ. ಗಿರಾಕಿಗೆ ತಕ್ಕ ಫಲಿತಾಂಶ! ಆ ಕಂಪ್ಯೂಟರ್ ಅಲಬಾಮಾದಲ್ಲಿ ತಯಾರಾದದ್ದಿರಬೇಕು ಎಂದು ಅಲಿ ಚುಚ್ಚಿದ್ದು ಆಗಲೇ. ಕರಿಯರನ್ನು ತುಳಿಯುವುದರಲ್ಲಿ ಹೆಸರು ಮಾಡಿದ್ದ ರಾಜ್ಯ ಅದು.

ಇಂಥ ಪಂದ್ಯಗಳಲ್ಲಿ ತೂಕದ್ದೂ ಒಂದು ತಕರಾರು. ಹೆವಿವೇಟ್‌ಗೆ ಮೇಲಿನ ಮಿತಿ ಇಲ್ಲ, ಕೆಳಗಿನದು ಮಾತ್ರ ಇದೆ. ಅದೂ ಬೆಳೆಯುತ್ತ ಬಂದಿದೆ. 175 ಪೌಂಡ್ ದಾಟಿದರೆ ಹೆವಿವೇಟ್ ಎನ್ನುತ್ತಿದ್ದ ಕಾಲವಿತ್ತು, ಈಗ ಸಾಮಾನ್ಯವಾಗಿ 200 ದಾಟಬೇಕು. 1897ರಲ್ಲಿ ಪಟ್ಟ ಗೆದ್ದಾಗ ಬಾಬ್ ಫಿಟ್ಸಿಮನ್ಸ್ 170 ಪೌಂಡೂ ತೂಗುತ್ತಿರಲಿಲ್ಲ. ಮಾರ್ಸಿಯಾನೊ, ಡೆಂಪ್ಸಿ ಇಬ್ಬರೂ 185ರ ಆಸುಪಾಸು. ಇಂದಿನ ಲೆಕ್ಕದಲ್ಲಿ ಇವರಿಬ್ಬರೂ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್. 2005ರಲ್ಲಿ ಪಟ್ಟವೇರಿದ ರಷ್ಯದ ನಿಕೊಲಾಯ್ ವಾಲುಯೆವ್ ಏಳಡಿ ಎತ್ತರ, 300 ಪೌಂಡಿಗೂ ಮೀರಿದ ಭಾರ. ಇವನನ್ನೂ ಫಿಟ್ಸಿಮನ್ಸ್‌ನನ್ನೂ ಒಂದೇ ವಿಭಾಗವೆಂದು ಕಾದಾಡಿಸುವುದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ. ಡೆಂಪ್ಸಿ 1919ರಲ್ಲಿ ತನಗಿಂತ 58 ಪೌಂಡ್ ಹೆಚ್ಚು ತೂಗುತ್ತಿದ್ದ ಜೆಸ್ ವಿಲ್ಲರ್ಡ್‌ನನ್ನು ಮೂರೇ ಸುತ್ತಿನಲ್ಲಿ ಬಡಿದು ಹಾಕಿದ್ದನಲ್ಲ ಎಂದು ಯಾರಾದರೂ ಕೇಳಿದರೆ, ನನ್ನ ಬಳಿ ಉತ್ತರವಿಲ್ಲ.

ವೊರೊನರ್ ಬಿಟ್ಟ ಆಟವನ್ನು ಹವ್ಯಾಸಿಗಳು ಹಿಡಿದರು. ಟ್ರುಂಜೊ ಸಹೋದರರ ‘ಟೈಟಲ್ ಬೌಟ್’ ಮೊದಲು ಕಾರ್ಡುಗಳ ಆಟವಾಗಿ ಬಂದು, ಆಮೇಲೆ ಕಂಪ್ಯೂಟರಿಗೆ ಹತ್ತಿತು. ಒಬ್ಬೊಬ್ಬ ಬಾಕ್ಸರನಿಗೂ ಅಂಕಗಳಿರುತ್ತವೆ. ಅವನ್ನಿಟ್ಟುಕೊಂಡು ಇಡೀ ಇತಿಹಾಸವನ್ನೇ ಮೊದಲಿಂದ ಓಡಿಸಬಹುದು. ಈ ಲೋಕಗಳಲ್ಲಿ ‘ಯಾರು ಶ್ರೇಷ್ಠ’ ಎಂಬ ಹಳೇ ಜಗಳ ನನಗೆ ಅಷ್ಟಾಗಿ ರುಚಿಸುವುದಿಲ್ಲ. ನಡೆಯಬೇಕಿದ್ದು ನಡೆಯದೇ ಹೋದ ಪಂದ್ಯಗಳಿದ್ದಾವಲ್ಲ, ಅವೇ ಬೇಕು.

1915ರಲ್ಲಿ ಹವಾನಾದಲ್ಲಿ ಜಾನ್ಸನ್ ಸೋತ ಮೇಲೆ 1937ರಲ್ಲಿ ಜೋ ಲೂಯಿಸ್‌ನ ಸರದಿ ಬರುವವರೆಗೆ, 22 ವರ್ಷ, ಯಾವ ಕರಿಯನಿಗೂ ಹೆವಿವೇಟ್ ಪಟ್ಟಕ್ಕಾಗಿ ಆಡುವ ಅವಕಾಶವೇ ಸಿಗಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್, ಹ್ಯಾರಿ ವಿಲ್ಸ್‌ರಂಥವರು ಬೇರೆ ಎದುರಾಳಿ ಸಿಗದೆ ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿಕೊಂಡರು. (ಲ್ಯಾಂಗ್‌ಫರ್ಡ್‌ಗೆ ಜಾನ್ಸನ್ ಕೂಡ ಪಟ್ಟದ ಅವಕಾಶ ಕೊಡಲಿಲ್ಲ. ಇದನ್ನು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.) 1920ರ ದಶಕದಲ್ಲಿ ಡೆಂಪ್ಸಿಗೆ ಎದುರಾಗಬೇಕಿದ್ದವನು ವಿಲ್ಸ್. 1924ರ ಸೆಪ್ಟೆಂಬರಿಗೆಂದು, ಜೆರ್ಸಿ ಸಿಟಿಯ ಹೆಸರು ಹಾಕಿ, ಟಿಕೆಟುಗಳೂ ಅಚ್ಚಾದವು. ಪಂದ್ಯ ನಡೆಯಲಿಲ್ಲ.

ಈಗ ಆ ಪಂದ್ಯವನ್ನು ಎಷ್ಟು ಸಲ ಬೇಕಾದರೂ ಆಡಿಸಬಹುದು. ತೊಡಕೊಂದಿದೆ. ಡೆಂಪ್ಸಿಯ ಅಂಕಗಳನ್ನು ಅವನು ಪಟ್ಟಕ್ಕಾಗಿ ಆಡಿದ ಪಂದ್ಯಗಳಿಂದ ತೆಗೆಯಬಹುದು. ವಿಲ್ಸ್‌ನ ಅಂಕಗಳನ್ನು ತೆಗೆಯುವುದು ಎಲ್ಲಿಂದ? ಅವನ ಒಳ್ಳೆಯ ವರ್ಷಗಳೆಲ್ಲ ಕಾಯುವುದರಲ್ಲೇ ಕಳೆದವು. ಆಟ ಕಟ್ಟುವವನು ಅಂದಾಜಿನ ಮೇಲೆ ಒಂದು ಅಂಕಿ ಬರೆದುಕೊಳ್ಳಬೇಕು, ಮತ್ತೊಬ್ಬ ಬಂದು ಅದು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಜಗಳ ತೆಗೆಯಬೇಕು. ನಾನಾದರೆ ಧಾರಾಳವಾಗಿಯೇ ಬರೆಯುತ್ತೇನೆ.